ಮೇಲ್ ಕ್ಯಾರಿಯರ್‌ಗೆ ಡಿಸೆಂಬರ್ ಗಿಫ್ಟ್: 50 ಡಾಲರ್ ವಾಪಸ್ ಬಂದ ಮೇಲೆ ನಾನು ಕಲಿತದ್ದು

ಅಮೆರಿಕಕ್ಕೆ ಬಂದ ಎರಡನೇ ಡಿಸೆಂಬರ್ ಅದು. ಕೊಲಂಬಸ್ ಪಕ್ಕದ ಒಂದು ಸಬರ್ಬಿನಲ್ಲಿ ಆಗಷ್ಟೇ ಬಾಡಿಗೆ ಮನೆ ಹಿಡಿದಿದ್ದೆವು. ಆಫೀಸಿನಲ್ಲಿ ಜೊತೆಯವಳೊಬ್ಬಳು ಕ್ರಿಸ್‌ಮಸ್‌ಗೆ ನಿಮ್ಮ ಮೇಲ್ ಕ್ಯಾರಿಯರ್‌ಗೆ, ಅಂದರೆ ಪೋಸ್ಟ್‌ಮ್ಯಾನ್‌ಗೆ, ಏನು ಕೊಡ್ತೀಯ ಅಂತ ಕೇಳಿದಳು. ನನಗೆ ತಕ್ಷಣ ಅಪ್ಪ ನೆನಪಾದರು. ದೀಪಾವಳಿ ಹೊತ್ತಿಗೆ ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತರೆ ಸಾಕು, ಅಪ್ಪ ಜೇಬಿನಿಂದ ನೋಟು ತೆಗೆದು ಕೈಗಿಡುತ್ತಿದ್ದರು. ಅಮ್ಮ ಒಳಗಿಂದ ಒಂದು ಪೊಟ್ಟಣ ತರುತ್ತಿದ್ದಳು. ಇಷ್ಟೇ ತಾನೆ ಅಂದುಕೊಂಡೆ. ಒಂದು ಗ್ರೀಟಿಂಗ್ ಕಾರ್ಡಿನೊಳಗೆ 50 ಡಾಲರಿನ ನೋಟಿಟ್ಟು, ಮೇಲ್‌ಬಾಕ್ಸಿಗೆ ಹಾಕಿ, ಒಳಗೆ ತೆಗೆದುಕೊಂಡು ಹೋಗೋದಿದೆ ಅಂತ ತಿಳಿಸುವ ಡಬ್ಬಿಯ ಕೆಂಪು ಬಾವುಟ ಎತ್ತಿ ಬಂದೆ.

ಮರುದಿನ ಅದೇ ಕವರು ಅದೇ ಡಬ್ಬಿಯಲ್ಲಿತ್ತು. ಒಳಗೆ ಅದೇ ನೋಟು. ಕವರಿನ ಹಿಂದೆ ಬಾಲ್‌ಪೆನ್ನಿನಲ್ಲಿ ಎರಡು ಸಾಲು: ತುಂಬಾ ಥ್ಯಾಂಕ್ಸ್, ದುಡ್ಡು ತಗೊಳ್ಳೋ ಹಾಗಿಲ್ಲ, ಕಾರ್ಡ್ ಮಾತ್ರ ಇಟ್ಟುಕೊಂಡಿದ್ದೇನೆ. ನಿಜ ಹೇಳ್ತೀನಿ, ಮೊದಲು ಬೇಜಾರಾಯಿತು. ಕಡಿಮೆ ಆಯಿತೇನೋ ಅಂತ ಅನುಮಾನ ಬೇರೆ. ಆಮೇಲೆ ನಿಯಮ ಓದಿದಾಗ ಗೊತ್ತಾಯಿತು, ನಾನು ಕೊಟ್ಟದ್ದು ಕಡಿಮೆಯಾಗಿರಲಿಲ್ಲ. ಆ ಮನುಷ್ಯನ ಕೆಲಸಕ್ಕೇ ಕುತ್ತು ತರುವಂಥದ್ದಾಗಿತ್ತು.

ಹೊಸದಾಗಿ ಬಂದವರು ಪ್ರತಿ ವರ್ಷ ನನ್ನನ್ನು ಇದೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಒಂದು ಸಲ ಬರೆದಿಟ್ಟುಬಿಡೋಣ ಅಂತ.

ಮೊದಲು ನಿಯಮ. ಯುಎಸ್‌ಪಿಎಸ್ (ಅಮೆರಿಕದ ಸರ್ಕಾರಿ ಅಂಚೆ ಸಂಸ್ಥೆ) ಕ್ಯಾರಿಯರ್ ಅಂದರೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ನೌಕರ. ಸರ್ಕಾರಿ ನೌಕರರು ಯಾರಿಂದ ಏನು ತೆಗೆದುಕೊಳ್ಳಬಹುದು ಅನ್ನೋದಕ್ಕೆ ಇರುವ ನಿಯಮಗಳೇ ಇವರಿಗೂ. ಒಂದು ಸಂದರ್ಭಕ್ಕೆ 20 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಗಿಫ್ಟ್ ತೆಗೆದುಕೊಳ್ಳಬಹುದು. ಒಂದೇ ಕಡೆಯಿಂದ ಇಡೀ ವರ್ಷಕ್ಕೆ 50 ಡಾಲರ್ ದಾಟಬಾರದು. ದುಡ್ಡಂತೂ ಬೇಡವೇ ಬೇಡ. 50 ಅಲ್ಲ, 5 ಡಾಲರ್ ಕೂಡ ಇಲ್ಲ. ಚೆಕ್ಕೂ ಇಲ್ಲ.

ಗಿಫ್ಟ್ ಕಾರ್ಡ್ ಕೊಡಬಹುದು, ಆದರೆ ಇಲ್ಲೇ ಜನ ಎಡವೋದು. ಒಂದು ನಿರ್ದಿಷ್ಟ ಅಂಗಡಿಯದ್ದೋ ಕಾಫಿ ಶಾಪಿನದ್ದೋ ಆದರೆ ಸರಿ. ಎಲ್ಲಿ ಬೇಕಾದರೂ ಉಜ್ಜಬಹುದಾದ ವೀಸಾ, ಅಮೆರಿಕನ್ ಎಕ್ಸ್‌ಪ್ರೆಸ್ ಥರದ ಕಾರ್ಡು ದುಡ್ಡಿಗೆ ಸಮ, ಹಾಗಾಗಿ ಅದು ಬೇಡ. ಮತ್ತೆ 25 ಡಾಲರಿನ ಕಾರ್ಡ್ ತಂದು "5 ತಾನೆ ಜಾಸ್ತಿ, ಪರವಾಗಿಲ್ಲ" ಅನ್ನಬೇಡಿ. ಹೆಚ್ಚಾದ 5 ಡಾಲರನ್ನು ಕೈಯಿಂದ ನಮಗೆ ವಾಪಸ್ ಕೊಟ್ಟು ಕಾರ್ಡ್ ಇಟ್ಟುಕೊಳ್ಳೋಕೂ ಅವರಿಗೆ ಅವಕಾಶವಿಲ್ಲ, ನಿಯಮದಲ್ಲಿ ಅದನ್ನೂ ಬಿಡಿಸಿ ಬರೆದಿದ್ದಾರೆ. ಅಂದರೆ 25ರ ಕಾರ್ಡ್ ಕೊಟ್ಟರೆ ಅವರ ಕೈಗೆ ಸೇರೋದು ಸೊನ್ನೆ. ಅಂಗಡಿಯಲ್ಲಿ 25ರ ಕಾರ್ಡೇ ಎದುರಿಗೆ ಸಾಲಾಗಿ ನೇತಾಡುತ್ತಿರುತ್ತೆ, ಹುಷಾರು. ಮೊತ್ತ ನಾವೇ ಹೇಳುವಂಥ ಕಾರ್ಡ್ ತೆಗೆದುಕೊಂಡು 15 ಅಥವಾ 20 ಹಾಕಿಸಿ.

ನಾನು 15 ಹಾಕಿಸ್ತೀನಿ. ಜಿಪುಣತನ ಅಂದುಕೊಳ್ಳಬೇಡಿ. ಜೊತೆಗೆ ಇನ್ನೊಂದು ಸಣ್ಣ ವಸ್ತು ಇಡೋಕೆ 5 ಡಾಲರ್ ಜಾಗ ಸಿಗುತ್ತೆ ಅಂತ. ಬೇಸಿಗೆಯಲ್ಲೂ ಏನಾದರೂ ಕೊಡುವ ಆಸೆಯಿದ್ದರೆ ವರ್ಷದ 50 ನೆನಪಿರಲಿ: ಡಿಸೆಂಬರಿಗೆ 20, ಜುಲೈಗೆ 20 ಕೊಟ್ಟರೆ ಉಳಿಯೋದು 10. ತಣ್ಣನೆ ನೀರಿನ ಬಾಟಲಿ, ಒಂದು ಕಪ್ ಕಾಫಿ, ಡೋನಟ್ ಇಂಥದ್ದು ಗಿಫ್ಟಿನ ಲೆಕ್ಕಕ್ಕೇ ಬರೋದಿಲ್ಲ. ಬರೀ ಗ್ರೀಟಿಂಗ್ ಕಾರ್ಡೂ ಅಷ್ಟೇ.

ಇನ್ನು ಏನು ಕೊಡೋದು? ನನ್ನ ಎರಡನೇ ತಪ್ಪು ಇಲ್ಲಿ. ದುಡ್ಡು ಬೇಡ ಅಂದರಲ್ಲ ಅಂತ ಮುಂದಿನ ವರ್ಷ ಒಳ್ಳೆ ದಪ್ಪನೆಯ ಉಣ್ಣೆ ಗ್ಲೌಸ್ ಕೊಟ್ಟೆ. ಜನವರಿಯಲ್ಲಿ ಗಮನಿಸಿ ನೋಡಿದರೆ ಅವರ ಕೈಯಲ್ಲಿ ಬೆರಳ ತುದಿ ಕತ್ತರಿಸಿದ ಹಳೇ ಗ್ಲೌಸೇ ಇತ್ತು! ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗ ಕಾರಣ ಅರ್ಥವಾಯಿತು. ಎಡಗೈ ಮೇಲೆ ಕಾಗದದ ಕಟ್ಟು, ಬಲಗೈ ಹೆಬ್ಬೆರಳಿನಿಂದ ಒಂದೊಂದೇ ಕವರನ್ನು ಸರಕ್ ಸರಕ್ ಅಂತ ಬಿಡಿಸುತ್ತಾ ವಿಳಾಸ ನೋಡಬೇಕು. ನಡುವೆ ಸ್ಕ್ಯಾನರ್ ಒತ್ತಬೇಕು. ದಪ್ಪ ಉಣ್ಣೆ ಹಾಕಿಕೊಂಡು ಅದಾಗುತ್ತಾ? ನಮ್ಮಜ್ಜಿ ಹೂ ಕಟ್ಟುವಾಗ ಚಳಿಗೆ ಕೈಗವಸು ಹಾಕ್ಕೋ ಅಂದಹಾಗೆ.

ಅಲ್ಲಿಂದ ಈಚೆಗೆ ಹ್ಯಾಂಡ್ ವಾರ್ಮರ್ ಕೊಡ್ತೀನಿ. ಪ್ಯಾಕೆಟ್ ಹರಿದು ಅಲ್ಲಾಡಿಸಿದರೆ ಬಿಸಿಯಾಗುತ್ತಲ್ಲ, ಅದು. ಜೇಬಿನಲ್ಲಿ ಹಾಕಿಕೊಂಡು ಆಗಾಗ ಬೆರಳು ಕಾಯಿಸಿಕೊಳ್ಳಬಹುದು. ಒಳ್ಳೆ ದಪ್ಪ ಸಾಕ್ಸ್ ಕೂಡ ಆಗುತ್ತೆ, ಲಿಪ್ ಬಾಮ್ ಆಗುತ್ತೆ. ಸೆಂಟು ವಾಸನೆಯ ಮೇಣದಬತ್ತಿ, ಕಾಫಿ ಮಗ್ಗು ಬೇಡ. ಆ ರೂಟಿನಲ್ಲಿರುವ ಅಷ್ಟೂ ಮನೆಗಳಲ್ಲಿ ಹತ್ತು ಮನೆಯವರು ಮಗ್ಗು ಕೊಟ್ಟರೆ ಸಾಕು, ಪಾಪ, ಎಲ್ಲಿಡ್ತಾರೆ? ವೈನ್ ಬಾಟಲಿಯನ್ನೂ ನಾನು ಕೊಡೋದಿಲ್ಲ. ಡ್ಯೂಟಿಯ ಹೊತ್ತಿನಲ್ಲಿ ಸರ್ಕಾರಿ ಗಾಡಿಯೊಳಗೆ ಅದನ್ನಿಟ್ಟುಕೊಂಡು ಊರೆಲ್ಲ ಸುತ್ತಬೇಕು ಅಂದರೆ ಅವರಿಗೇ ಮುಜುಗರ.

ಈಗ ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ ವಿಷಯ: ಕೊಟ್ಟದ್ದು ಸರಿಯಾದ ಕೈಗೆ ಸೇರೋದು. ನಮ್ಮ ಬೀದಿಗೆ ದಿನಾ ಬರೋದು ಒಬ್ಬರೇ ಅಂದುಕೊಂಡಿರುತ್ತೇವೆ. ಮೇಲ್ ವಾರಕ್ಕೆ ಆರು ದಿನ ಬರುತ್ತೆ, ರೆಗ್ಯುಲರ್ ಕ್ಯಾರಿಯರ್‌ಗೆ ಕೆಲಸ ಐದು ದಿನ. ಆರನೇ ದಿನ ಇನ್ನೊಬ್ಬರು. ನಗರಗಳಲ್ಲಿ ಈ ರಜೆಯ ದಿನ ಸಾಮಾನ್ಯವಾಗಿ ವಾರದಿಂದ ವಾರಕ್ಕೆ ಸರಿಯುತ್ತಾ ಹೋಗುತ್ತೆ. ಹಾಗಾಗಿ "ಮಂಗಳವಾರ ಹಾಕಿಟ್ಟರಾಯಿತು" ಅನ್ನುವ ಲೆಕ್ಕ ಕೆಲಸಕ್ಕೆ ಬರೋದಿಲ್ಲ. ಭಾನುವಾರ ಪಾರ್ಸೆಲ್ ತರುವವರು ಸಾಮಾನ್ಯವಾಗಿ ಮತ್ತೊಬ್ಬರು. ಒಂದು ವರ್ಷ ನನ್ನ ಕವರು ಹೀಗೆ ಬದಲಿಯವರ ಕೈಗೆ ಸಿಕ್ಕಿತು. ಅವರು ಪ್ರಾಮಾಣಿಕವಾಗಿ ತಮಗೇ ಅಂದುಕೊಂಡು ಥ್ಯಾಂಕ್ಸ್ ಅಂತ ಚೀಟಿ ಬಿಟ್ಟು ಹೋಗಿದ್ದರು. ಅವರದ್ದೇನೂ ತಪ್ಪಿಲ್ಲ, ಕವರಿನ ಮೇಲೆ ನಾನು ಬರೆದದ್ದೇ "ನಮ್ಮ ಮೇಲ್ ಕ್ಯಾರಿಯರ್‌ಗೆ" ಅಂತ.

ಆದ್ದರಿಂದ ಆದಷ್ಟೂ ಕೈಯಲ್ಲೇ ಕೊಡಿ. ಇನ್ನೊಂದು ಕಾರಣವೂ ಇದೆ. ಮೇಲ್‌ಬಾಕ್ಸ್ ನಮ್ಮ ದುಡ್ಡಿನದ್ದೇ ಇರಬಹುದು, ಆದರೆ ಅದರೊಳಗೆ ಸ್ಟಾಂಪ್ ಇಲ್ಲದ್ದನ್ನು ಹಾಕಬಾರದು ಅಂತ ಫೆಡರಲ್ ಕಾನೂನೇ ಇದೆ. ಕ್ಯಾರಿಯರ್‌ಗೆ ಇಟ್ಟ ಕಾರ್ಡಿಗೆ ಯಾರೂ ತಕರಾರು ಮಾಡಿದ್ದು ನಾನು ನೋಡಿಲ್ಲ. ಆದರೂ ದೊಡ್ಡ ಡಬ್ಬಿ, ಚೀಲ ಎಲ್ಲ ಅದರೊಳಗೆ ತುರುಕಬೇಡಿ. ಮೇಲ್ ಬರುವ ಸಮಯ ಒಂದು ವಾರ ಗಮನಿಸಿದರೆ ಅಂದಾಜು ಸಿಗುತ್ತೆ, ಆದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮೇಲೆ ಆ ಅಂದಾಜೂ ತಲೆಕೆಳಗು. ಪಾರ್ಸೆಲ್ ರಾಶಿಗೆ ಕತ್ತಲಾದ ಮೇಲೂ ಹಣೆಗೆ ಲೈಟ್ ಕಟ್ಟಿಕೊಂಡು ಬರುತ್ತಾರೆ. ಅದಕ್ಕೇ ನಾನು ಕ್ರಿಸ್‌ಮಸ್ ವಾರದವರೆಗೆ ಕಾಯೋದಿಲ್ಲ, ಡಿಸೆಂಬರ್ ಮೊದಲ ವಾರದಲ್ಲೇ ಕೊಟ್ಟುಬಿಡ್ತೀನಿ. ಹ್ಯಾಂಡ್ ವಾರ್ಮರ್ ಆ ಚಳಿಗಾಲಕ್ಕೇ ಉಪಯೋಗವಾಗುತ್ತೆ ಅನ್ನೋದು ಬೇರೆ.

ಕೈಯಲ್ಲಿ ಕೊಡೋಕೆ ಆಗದಿದ್ದರೆ ಕವರಿನ ಮೇಲೆ ಹೆಸರು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ "ನಮ್ಮ ರೆಗ್ಯುಲರ್ ಕ್ಯಾರಿಯರ್‌ಗೆ" ಅಂತ ದಪ್ಪ ಅಕ್ಷರದಲ್ಲಿ, ಇಂಗ್ಲಿಷಿನಲ್ಲೇ. ಬಾವುಟ ಎತ್ತೋದು ಮರೆಯಬೇಡಿ. ಆ ದಿನ ನಿಮಗೆ ಕಾಗದ ಇಲ್ಲದಿದ್ದರೆ ಬಾವುಟ ಕಾಣದೆ ಅವರು ಹಾಗೇ ಮುಂದೆ ಹೋಗಿಬಿಡಬಹುದು. ಅಪಾರ್ಟ್‌ಮೆಂಟಿನಲ್ಲಿ ಗೂಡುಗೂಡಾಗಿ ಡಬ್ಬಿಗಳಿರುತ್ತವಲ್ಲ, ಅಲ್ಲಿ ಕ್ಯಾರಿಯರ್ ಇಡೀ ಸಾಲಿನ ಬಾಗಿಲನ್ನು ಒಂದೇ ಸಲ ತೆಗೆಯುತ್ತಾರೆ. ನಿಮ್ಮ ಗೂಡಿನಲ್ಲಿ ಕವರನ್ನು ಮಲಗಿಸದೆ ನಿಲ್ಲಿಸಿಟ್ಟರೆ ಕಣ್ಣಿಗೆ ಬೀಳುತ್ತೆ. ಮತ್ತೆ ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಚಂದಾ ಎತ್ತಿ ಒಂದು ದೊಡ್ಡ ಗಿಫ್ಟ್ ಕೊಡೋಣ ಅನ್ನುವ ಉತ್ಸಾಹ ನಮ್ಮವರಿಗೆ ಜಾಸ್ತಿ. ಬೇಡ. ಅವರವರ ಮನೆಯದ್ದು ಅವರವರೇ ಕೊಡಲಿ, ಸಣ್ಣದಾಗಿ.

ಕಾರ್ಡಿನಲ್ಲಿ ಏನು ಬರೆಯೋದು ಅಂತ ಕೇಳಿದರೆ, ಒಂದೇ ಒಂದು ನಡೆದ ಸಂಗತಿ ಬರೆಯಿರಿ. ಬರೀ ಹ್ಯಾಪಿ ಹಾಲಿಡೇಸ್ ಅಂತ ಅಚ್ಚಾಗಿಯೇ ಇರುತ್ತೆ. ನಾನು ಒಂದು ವರ್ಷ ಬರೆದದ್ದು ಲಗ್ನಪತ್ರಿಕೆಯ ಕಥೆ. ತಮ್ಮನ ಮದುವೆಯ ಪತ್ರಿಕೆ ಊರಿಂದ ಬಂತು. ಪದ್ಧತಿ ಪ್ರಕಾರ ನಾಲ್ಕೂ ಮೂಲೆಗೆ ಅರಿಶಿನ. ಅದು ಒದ್ದೆಯಾಗಿ ಕವರಿಗೆಲ್ಲ ಹಳದಿ ಹಬ್ಬಿತ್ತು. ನಮ್ಮ ಕ್ಯಾರಿಯರ್ ಏನೋ ಹಾಳಾಗಿದೆ ಅಂತ ಗಾಬರಿಯಾಗಿ, ಅದನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಗಿಲು ತಟ್ಟಿ, ಮಳೆಗೆ ಹೀಗಾಗಿರಬೇಕು ಅಂತ ಸಪ್ಪೆ ಮುಖ ಮಾಡಿ ನಿಂತಿದ್ದರು. ಇದು ಶುಭದ ಬಣ್ಣ, ನಾವೇ ಹಚ್ಚೋದು ಅಂದಾಗ ತಮ್ಮ ಹಳದಿಯಾದ ಬೆರಳು ನೋಡಿಕೊಂಡು ನಕ್ಕರು. ಈ ಕಥೆಯನ್ನು ಕಾರ್ಡಿನಲ್ಲಿ ನಾಲ್ಕು ಸಾಲಿನಲ್ಲಿ ಬರೆದು, ಮೂಲೆಗೆ ಒಂದು ಚಿಟಿಕೆ ಅರಿಶಿನ ಹಚ್ಚಿದ್ದೆ. ಅದು ಅವರ ಮನೆಯ ಫ್ರಿಡ್ಜಿನ ಮೇಲಿದೆಯಂತೆ.

ಬರೆಯೋಕೆ ಮನಸ್ಸಿದ್ದರೆ ನಿಮ್ಮ ಪೋಸ್ಟ್ ಆಫೀಸಿನ ಪೋಸ್ಟ್‌ಮಾಸ್ಟರ್‌ಗೂ ಒಂದು ಪತ್ರ ಹಾಕಿ. ಇಂಥ ಬೀದಿ, ಇಂಥ ರೂಟು, ಇವರು ಹೀಗೆ ಮಾಡಿದರು ಅಂತ. ಇದಕ್ಕೆ 20 ಡಾಲರಿನ ಮಿತಿ ಇಲ್ಲ, ಖರ್ಚು ಒಂದು ಸ್ಟಾಂಪ್. ದೂರು ಬರೆಯುವವರೇ ಜಾಸ್ತಿ ಇರುವ ಕಡೆ ಇಂಥದ್ದೊಂದು ಕಾಗದ ಹೋದರೆ ಅದರ ಬೆಲೆ ಬೇರೆ.

ತಿಂಡಿ ವಿಷಯ ಕೊನೆಗೆ ಉಳಿಸಿಕೊಂಡಿದ್ದೆ, ಯಾಕೆಂದರೆ ನಮ್ಮವರು ಮೊದಲು ಕೇಳೋದೇ ಅದು. ಅಪರಿಚಿತರ ಮನೆಯ ಅಡುಗೆ ತಿನ್ನೋಕೆ ಇಲ್ಲಿ ಬಹಳ ಜನ ಹಿಂಜರಿಯುತ್ತಾರೆ. ಅಲರ್ಜಿ ಭಯವೂ ಇರುತ್ತೆ. ಕಡಲೆಕಾಯಿ, ಗೋಡಂಬಿ ಯಾರಿಗೆ ಆಗಲ್ಲವೋ ಗೊತ್ತಿಲ್ಲ. ಮುಖಪರಿಚಯ ಇಲ್ಲದಿದ್ದರೆ ಅಂಗಡಿಯ ಸೀಲ್ ಇರುವ ಪ್ಯಾಕೆಟ್ಟೇ ಕೊಡಿ. ಮಾತುಕತೆ ಇದ್ದರೆ ಮೊದಲು ಕೇಳಿ, ಆಮೇಲೆ ಮಾಡಿ. ನಾನು ಐದನೇ ವರ್ಷ ಕೇಳಿದೆ. ಏನೂ ಅಲರ್ಜಿ ಇಲ್ಲ ಅಂದರು. ಒಂದು ಡಬ್ಬಿ ಕೋಡುಬಳೆ ಕೊಟ್ಟೆ. ಮುಚ್ಚಳಕ್ಕೆ ಚೀಟಿ ಅಂಟಿಸಿ ಅಕ್ಕಿಹಿಟ್ಟು, ಹುರಿಗಡಲೆ, ಕೊಬ್ಬರಿ, ಮೆಣಸಿನಪುಡಿ ಅಂತೆಲ್ಲ ಬರೆದಿದ್ದೆ. ಮೆಣಸಿನಪುಡಿ ಅನ್ನೋದನ್ನು ಅವರು ಓದಲಿಲ್ಲ ಅಂತ ಕಾಣುತ್ತೆ. ಗಾಡಿಯ ಬಲಗಡೆ ಸೀಟಿನಲ್ಲಿ ಕೂತು ಅಲ್ಲೇ ಒಂದನ್ನು ಕಟುಂ ಅಂತ ಕಡಿದರು. ಎರಡು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ನನ್ನ ಮಗಳು ಓಡಿ ನೀರು ತಂದಳು. ಮುಗೀತು ಕಥೆ, ಇನ್ನು ಮುಂದೆ ಬಿಸ್ಕತ್ತೇ ಸರಿ ಅಂದುಕೊಂಡೆ. ಮುಂದಿನ ವರ್ಷ ನವೆಂಬರಿನಲ್ಲಿ ಅವರೇ ಕೇಳಿದರು, ಆ ಖಾರದ ಬಳೆ ಈ ಸಲವೂ ಮಾಡ್ತೀರಾ ಅಂತ.

ಯುಪಿಎಸ್, ಫೆಡೆಕ್ಸ್, ಅಮೆಜಾನ್ ಗಾಡಿಯವರಿಗೆ ಮೇಲಿನ 20 ಡಾಲರ್ ಕಾನೂನು ಅನ್ವಯಿಸೋದಿಲ್ಲ, ಅವರು ಸರ್ಕಾರಿ ನೌಕರರಲ್ಲ. ಅವರವರ ಕಂಪನಿಯ ನಿಯಮ ಅವರವರಿಗೆ. ಅವರಿಗೆ ನಾನು ಬಾಗಿಲ ಹತ್ತಿರ ಒಂದು ಬುಟ್ಟಿ ಇಡ್ತೀನಿ: ನೀರು, ಚಿಪ್ಸ್, ಗ್ರನೋಲಾ ಬಾರ್, ಬೇಕಾದ್ದು ತಗೊಳ್ಳಿ ಅಂತ ಒಂದು ಬೋರ್ಡ್. ಬದಲಿ ಕ್ಯಾರಿಯರ್‌ಗಳಿಗೂ ಅದೇ ಬುಟ್ಟಿ.

ಒಮ್ಮೆ ನಮ್ಮ ಪೋಸ್ಟ್ ಮಾಮನನ್ನು (ಮಗಳು ಇಟ್ಟ ಹೆಸರು) ನೇರವಾಗಿ ಕೇಳಿದೆ, ನಿಮಗೆ ನಿಜವಾಗಿ ಏನು ಬೇಕು ಅಂತ. ಅವರು ಯೋಚನೆಯೇ ಮಾಡಲಿಲ್ಲ. ಹಿಮ ಬಿದ್ದಾಗ ಜಾರದ ಹಾಗೆ ಮೆಟ್ಟಿಲಿಗೆ ಉಪ್ಪು ಹಾಕಿ, ನಾಯಿಯನ್ನು ಒಳಗೆ ಕಟ್ಟಿ, ಬೇಸಿಗೆಯಲ್ಲಿ ತಣ್ಣನೆ ನೀರು ಕೊಡಿ ಅಂದರು. ಅವರ ಆ ಬಿಳೀ ಡಬ್ಬಿ ಗಾಡಿ 1987ರಿಂದ 1994ರ ನಡುವೆ ತಯಾರಾದ ಮಾದರಿ. ಏಸಿ ಇಲ್ಲ. ಜುಲೈ ಮಧ್ಯಾಹ್ನ ಅದರೊಳಗೆ ಕೂತವರಿಗೆ ನೀರು ಕೊಟ್ಟು ನೋಡಿ, ಮುಖ ಹೇಗಾಗುತ್ತೆ ಅಂತ.

ಈ ವರ್ಷದ್ದು ಮುಕ್ಕಾಲು ತಯಾರು. 15 ಡಾಲರಿನ ಕಾಫಿ ಕಾರ್ಡ್ ತಂದಾಯಿತು, ಹ್ಯಾಂಡ್ ವಾರ್ಮರ್ ಎರಡು ಜೊತೆ ತೆಗೆದಿಟ್ಟಾಯಿತು. ಮಗಳು ಕಾರ್ಡ್ ಬರೆಯುತ್ತಿದ್ದಾಳೆ. ಹುರಿಗಡಲೆ ಪುಡಿ ಮಾಡೋದೊಂದು ಬಾಕಿ. ಖಾರ ಈ ಸಲ ಅರ್ಧ ಚಮಚ ಕಡಿಮೆ.