ಮಳೆಗಾಲದಲ್ಲಿ ಬಿಗಿಯುವ ಡ್ರಾಯರ್: ಕೆತ್ತುವ ಮೊದಲು ಎಲ್ಲಿ ಉಜ್ಜುತ್ತದೆಂದು ನೋಡಿ

ಮಲೆನಾಡಿನ ಹಳೆಯ ಮನೆಗಳಲ್ಲಿ ಆರಿದ್ರಾ ಮಳೆ ಹಿಡಿದು ಹದಿನೈದು ದಿನ ಕಳೆಯುವುದರೊಳಗೆ ಮರದ ಮೇಜಿನ ಡ್ರಾಯರುಗಳು ಒಂದೊಂದಾಗಿ ಬಿಗಿಯತೊಡಗುತ್ತವೆ. ಮೊದಮೊದಲು ಎಳೆಯುವಾಗ ಕಿರ್ರೆನ್ನುತ್ತವೆ, ಆಮೇಲೆ ಅರ್ಧಕ್ಕೆ ನಿಲ್ಲುತ್ತವೆ, ಪುಷ್ಯ ಮಳೆಯ ಹೊತ್ತಿಗೆ ಎರಡು ಕೈ ಹಾಕಿ ಜಗ್ಗಿದರೂ ಕದಲುವುದಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಸಾಗುವಾನಿಯ ಬರೆಯುವ ಮೇಜೊಂದಿದೆ. ಒಂದು ಆಷಾಢದಲ್ಲಿ ಅದರ ಬಲಗಡೆಯ ಡ್ರಾಯರಿನಿಂದ ಪಹಣಿ ಪತ್ರ ತೆಗೆಯುವ ಅವಸರದಲ್ಲಿ ಹಿತ್ತಾಳೆಯ ಹಿಡಿ ಕಿತ್ತು ನನ್ನ ಕೈಗೇ ಬಂತು. ಮರುದಿನ ಬಂದ ಬಡಗಿಯೊಬ್ಬರು ಸುರಿಯುವ ಮಳೆಯಲ್ಲೇ ಡ್ರಾಯರಿನ ಮೇಲಂಚಿಗೆ ಹತ್ತರಿ ಹೊಡೆದು ಸಲೀಸು ಮಾಡಿಕೊಟ್ಟರು. ಶಿವರಾತ್ರಿ ಬರುವಷ್ಟರಲ್ಲಿ ಆ ಅಂಚಿನ ಮೇಲೆ ಪೆನ್ಸಿಲು ತೂರುವಷ್ಟು ಸಂದು ಬಿದ್ದಿತ್ತು, ಅದರೊಳಗಿಂದ ಜಿರಲೆಗಳು ನುಗ್ಗಿ ಕಾಗದಗಳನ್ನು ಕೆಡಿಸಿದ್ದವು. ಮಳೆಗಾಲದಲ್ಲಿ ಉಬ್ಬಿದ ಮರವನ್ನು ಉಬ್ಬಿದ ಅಳತೆಗೇ ಕೆತ್ತಿದ್ದು ಇದಕ್ಕೆ ಕಾರಣ. ಆದ್ದರಿಂದ ಹತ್ತರಿಯನ್ನು ಕೈಗೆತ್ತಿಕೊಳ್ಳುವ ಮೊದಲು ಡ್ರಾಯರು ಯಾವ ಜಾಗದಲ್ಲಿ, ಯಾವ ಕಾರಣಕ್ಕೆ ಉಜ್ಜುತ್ತಿದೆ ಎಂಬುದನ್ನು ತಿಳಿದುಕೊಳ್ಳಬೇಕು.

ಇದಕ್ಕೆ ಮರದ ಸ್ವಭಾವವನ್ನು ಸ್ವಲ್ಪ ಅರಿತಿರುವುದು ಅಗತ್ಯ. ಕಡಿದು ಎಷ್ಟು ವರ್ಷ ಕಳೆದಿದ್ದರೂ ಮರವು ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 50ರಷ್ಟಿರುವಾಗ ಮರದಲ್ಲಿ ಅದರ ಒಣತೂಕದ ಸುಮಾರು ಶೇಕಡಾ 9ರಷ್ಟು ನೀರಿದ್ದರೆ, ಆರ್ದ್ರತೆ ವಾರಗಟ್ಟಲೆ ಶೇಕಡಾ 80ರ ಮೇಲೆಯೇ ನಿಂತಾಗ ಆ ನೀರು ಶೇಕಡಾ 16ನ್ನು ಮುಟ್ಟುತ್ತದೆ. ಹೀಗೆ ಹೀರಿದ ನೀರಿನಿಂದ ಮರ ಎಲ್ಲ ದಿಕ್ಕಿಗೂ ಒಂದೇ ಸಮನೆ ಉಬ್ಬುವುದಿಲ್ಲ. ನಾರಿನ ಉದ್ದಕ್ಕೆ ಅದರ ಬೆಳವಣಿಗೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ; ನಾರಿಗೆ ಅಡ್ಡಲಾಗಿ ಮಾತ್ರ ಅದು ಎದ್ದು ಕಾಣುತ್ತದೆ. ಸಾಗುವಾನಿ ಬಹಳ ಕಡಿಮೆ ಅಲುಗಾಡುವ ಮರ ಎಂದು ಹೆಸರಾಗಿದ್ದರೂ, 20 ಸೆಂಟಿಮೀಟರ್ ಎತ್ತರದ ಸಾಗುವಾನಿಯ ಮುಖಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಸುಮಾರು 2 ಮಿಲಿಮೀಟರಿನಷ್ಟು ಎತ್ತರವಾಗಬಲ್ಲದು.

ಡ್ರಾಯರಿನ ನಾಲ್ಕೂ ಹಲಗೆಗಳಲ್ಲಿ ನಾರು ಅಡ್ಡಡ್ಡ ಮಲಗಿರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಡ್ರಾಯರು ಎತ್ತರಕ್ಕೆ ಬೆಳೆಯುತ್ತದೆಯೇ ಹೊರತು ಅಗಲಕ್ಕೆ ಬಹುಮಟ್ಟಿಗೆ ಬೆಳೆಯುವುದಿಲ್ಲ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆಯೇ. ಉಜ್ಜುವುದು ಮೇಲಂಚಿನಲ್ಲಿ ಅಥವಾ ಕೆಳಗಂಚಿನಲ್ಲಿ ಆಗಿದ್ದರೆ ಅದು ತೇವದ ಕೆಲಸ, ಬಿಸಿಲು ಬಂದಾಗ ತಾನಾಗಿ ಇಳಿಯುವ ಸಾಧ್ಯತೆ ಹೆಚ್ಚು. ಎಡಬಲ ಪಕ್ಕಗಳಲ್ಲಿ ಉಜ್ಜುತ್ತಿದ್ದರೆ ಮಾತ್ರ ಮಳೆಯನ್ನು ದೂರಿ ಪ್ರಯೋಜನವಿಲ್ಲ. ಮೂಲೆಯ ಕೂಡು ಸಡಿಲಾಗಿರಬೇಕು, ಮೊಳೆ ಎದ್ದಿರಬೇಕು, ಇಲ್ಲವೇ ಮೇಜಿನ ಚೌಕಟ್ಟೇ ಓರೆಯಾಗಿರಬೇಕು. ಪ್ಲೈವುಡ್ಡಿನಲ್ಲಿ ಪದರಗಳ ನಾರು ಒಂದಕ್ಕೊಂದು ಅಡ್ಡವಾಗಿ ಕೂತಿರುವುದರಿಂದ ಅದು ಇಷ್ಟು ಅಲುಗಾಡುವುದಿಲ್ಲ.

ಬಿಗಿದ ಡ್ರಾಯರನ್ನು ಹೊರಗೆ ತರುವಾಗಲೇ ಹೆಚ್ಚಿನ ಹಾನಿ ಆಗುವುದು. ಒಂದೇ ಹಿಡಿಯನ್ನು ಹಿಡಿದು ಜಗ್ಗಿದರೆ ಡ್ರಾಯರು ಒಂದು ಮಗ್ಗುಲಿಗೆ ತಿರುಗಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಅದರ ಮೇಲಿನ ಅಥವಾ ಕೆಳಗಿನ ಡ್ರಾಯರನ್ನು ಮೊದಲು ಪೂರ್ತಿ ತೆಗೆದು, ನಡುವೆ ಹಲಗೆಯಿಲ್ಲದಿದ್ದರೆ ಆ ಜಾಗದಿಂದ ಕೈ ಹಾಕಿ ಒಳಗಿನ ಸಾಮಾನನ್ನು ಹಗುರ ಮಾಡಿ, ಹಿಂದಿನ ಹಲಗೆಯನ್ನು ಒಳಗಿನಿಂದ ಮುಂದಕ್ಕೆ ನೂಕಬೇಕು. ಬಟ್ಟೆ ಸುತ್ತಿದ ಮರದ ತುಂಡಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆತ್ತಗೆ ತಟ್ಟುತ್ತಾ ಬಂದರೆ ಅದು ಕೂದಲೆಳೆಯಷ್ಟೇ ಆದರೂ ಸರಿಯುತ್ತದೆ. ಒಳಗೆ ಏನೋ ನಿಮಿರಿ ನಿಂತು ತಡೆಯುತ್ತಿದೆ ಎನಿಸಿದರೆ ಮೇಲಿನ ಸಂದಿನಿಂದ ಸ್ಟೀಲ್ ಸ್ಕೇಲನ್ನು ಚಪ್ಪಟೆಯಾಗಿ ತೂರಿಸಿ ಆ ವಸ್ತುವನ್ನು ಕೆಳಕ್ಕೆ ಒತ್ತಬೇಕು. ಕಬ್ಬಿಣದ ಕಚೇರಿ ಮೇಜಾಗಿದ್ದರೆ ಮೇಲಿನ ಬೀಗವೇ ಕೆಳಗಿನ ಡ್ರಾಯರುಗಳನ್ನೂ ಹಿಡಿದಿಟ್ಟಿರುವುದುಂಟು. ಎಲ್ಲಕ್ಕಿಂತ ಮೊದಲು ಬೀಗವನ್ನು ನೋಡಿಕೊಳ್ಳಿ. ಯಾವುದಕ್ಕೂ ಜಗ್ಗದಿದ್ದರೆ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಒಂದು ಗೇಣು ದೂರದಿಂದ ಅಂಚುಗಳ ಮೇಲೆ ಹತ್ತು ಹದಿನೈದು ನಿಮಿಷ ಆಡಿಸುತ್ತಾ ಹಾಯಿಸಬಹುದು. ಒಂದೇ ಕಡೆ ನಿಲ್ಲಿಸಿದರೆ ಅರಗಿನ ಪಾಲಿಷ್ ಮೆತ್ತಗಾಗಿ ಗುಳ್ಳೆ ಏಳುತ್ತದೆ.

ಡ್ರಾಯರುಗಳು ಹೊರಬಂದ ತಕ್ಷಣ ಪ್ರತಿಯೊಂದರ ತಳದಲ್ಲಿ ಅದರ ಸ್ಥಾನವನ್ನು ಪೆನ್ಸಿಲಿನಿಂದ ಬರೆದಿಡಿ. ನೋಡಲು ಎಲ್ಲವೂ ಒಂದೇ ಥರ ಇದ್ದರೂ ಕೈಯಿಂದ ಮಾಡಿದ ಮೇಜಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಎಷ್ಟೋ ಮನೆಗಳಲ್ಲಿ ಡ್ರಾಯರು ಬಿಗಿಯಾಗಲು, ಗುಡಿಸುವಾಗ ತೆಗೆದವರು ಅದಲುಬದಲು ಹಾಕಿದ್ದೇ ಕಾರಣವಾಗಿರುತ್ತದೆ.

ಇನ್ನು ಉಜ್ಜಿದ ಗುರುತನ್ನು ಹುಡುಕುವ ಕೆಲಸ. ಡ್ರಾಯರನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಉಜ್ಜಿದ ಜಾಗ ಬೇರೆ ಮರಕ್ಕಿಂತ ನುಣುಪಾಗಿ, ಹೊಳಪಾಗಿ, ಕೆಲವೊಮ್ಮೆ ಕಪ್ಪಾಗಿ ಕಾಣುತ್ತದೆ. ಕಣ್ಣಿಗೆ ಸ್ಪಷ್ಟವಾಗದಿದ್ದರೆ ಚೌಕಟ್ಟಿನ ಒಳಮೈಗೆ ಬಣ್ಣದ ಸೀಮೆಸುಣ್ಣವನ್ನು ದಟ್ಟವಾಗಿ ಬಳಿದು, ಡ್ರಾಯರನ್ನು ಎರಡು ಸಲ ಒಳಗೆ ಹೊರಗೆ ಆಡಿಸಿ. ಎಲ್ಲಿ ತಾಗುತ್ತದೆಯೋ ಅಲ್ಲಿ ಮಾತ್ರ ಸುಣ್ಣ ಡ್ರಾಯರಿಗೆ ಅಂಟಿಕೊಂಡು ಬರುತ್ತದೆ. ನಮ್ಮ ಮೇಜಿನ ಎಡಗಡೆಯ ಡ್ರಾಯರಿಗೆ ನಾನು ನೀಲಿ ಸೀಮೆಸುಣ್ಣ ಹಾಕಿ ನೋಡಿದಾಗ, ಇಡೀ ಮೇಲಂಚು ಬಿಗಿಯಾಗಿದೆ ಎಂದು ಭಾವಿಸಿದ್ದ ಕಡೆ ಬಲಮೂಲೆಯಿಂದ ನಾಲ್ಕು ಬೆರಳಗಲ ಮಾತ್ರ ನೀಲಿಯಾಗಿತ್ತು. ಉಳಿದ ಅಂಚನ್ನು ಮುಟ್ಟುವ ಅಗತ್ಯವೇ ಇರಲಿಲ್ಲ.

ಗುರುತು ಒಂದೇ ಮೂಲೆಯಲ್ಲಿದ್ದರೆ ಮೊದಲು ಸಂಶಯಪಡಬೇಕಾದದ್ದು ನೆಲವನ್ನು. ಹಳೆಯ ಕಾವಿ ನೆಲ ಎಲ್ಲ ಕಡೆಯೂ ಒಂದೇ ಮಟ್ಟಕ್ಕಿರುವುದಿಲ್ಲ. ಒಂದು ಕಾಲು ತಗ್ಗಿನಲ್ಲಿ ಕೂತರೆ ಇಡೀ ಚೌಕಟ್ಟು ಓರೆಯಾಗಿ ಡ್ರಾಯರಿನ ಬಾಯಿ ಸೊಟ್ಟಗಾಗುತ್ತದೆ. ಬಾಯಿಯ ಎರಡು ಕರ್ಣಗಳನ್ನು ಟೇಪಿನಿಂದ ಅಳೆಯಿರಿ. ಎರಡರ ನಡುವೆ 2 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಗ್ಗಿನ ಕಾಲಿನ ಕೆಳಗೆ ಮರದ ತೆಳು ಬಿಲ್ಲೆ ಇಟ್ಟು ಮತ್ತೆ ಅಳೆಯಿರಿ. ಮೇಜನ್ನು ಬೇರೆ ಕೋಣೆಗೆ ಸರಿಸಿದ ಮೇಲೆ ಶುರುವಾದ ಬಿಗಿ ಬಹುತೇಕ ಇಷ್ಟರಿಂದಲೇ ಬಿಡುತ್ತದೆ. ಅದೇ ಹೊತ್ತಿಗೆ ಟಾರ್ಚು ಹಾಕಿ ಒಳಮೂಲೆಗಳಲ್ಲಿ ಗೆದ್ದಲಿನ ಮಣ್ಣು ಕಟ್ಟಿದೆಯೇ ಎಂದೂ ನೋಡಿಬಿಡಿ.

ಗುರುತು ಮೇಲಂಚಿನ ಉದ್ದಕ್ಕೂ ಇದ್ದು, ಕಾಲವೂ ಮಳೆಗಾಲವಾಗಿದ್ದರೆ, ಒಣಗಿಸುವುದೊಂದೇ ಸರಿಯಾದ ಉಪಾಯ. ಡ್ರಾಯರನ್ನು ತೆಗೆದು ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ, ಒಲೆಯಿಂದ ದೂರವಾಗಿ, ಗಾಳಿಯಾಡುವಂತೆ ನಿಲ್ಲಿಸಿ ಒಂದೆರಡು ವಾರ ಬಿಡಬೇಕು. ನೇರ ಬಿಸಿಲಿಗೆ ಇಟ್ಟರೆ ಒಂದು ಮೈ ಬೇಗ ಒಣಗಿ ಹಲಗೆ ಬಾಗುತ್ತದೆ. ಮೇಜಿನ ಒಳಗೂ ತೇವವಿರುತ್ತದೆ. ಖಾಲಿ ಚೌಕಟ್ಟಿನೊಳಗೆ ಹಳೆಯ ಮಾದರಿಯ 40 ವಾಟಿನ ತಂತಿಬಲ್ಬನ್ನು, ಮರಕ್ಕಾಗಲಿ ಕಾಗದಕ್ಕಾಗಲಿ ತಾಗದಂತೆ ತೂಗಿಬಿಟ್ಟು, ಮನೆಯಲ್ಲಿ ಜನರು ಎಚ್ಚರವಿರುವಾಗ ಮಾತ್ರ ದಿನಕ್ಕೆ ಕೆಲವು ಗಂಟೆ ಉರಿಸಬಹುದು. ಎಲ್‌ಇಡಿ ಬಲ್ಬಿನಿಂದ ಈ ಕೆಲಸಕ್ಕೆ ಬೇಕಾದ ಕಾವು ಸಿಗುವುದಿಲ್ಲ.

ಒಣಗಿದ ಮೇಲೆ ಮೇಣ. ಅಂಗಡಿಯ ಸಾಧಾರಣ ಬಿಳಿ ಮೇಣದಬತ್ತಿಯೇ ಇದಕ್ಕೆ ಅತ್ಯುತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಡ್ರಾಯರಿನ ಪಕ್ಕದ ಹಲಗೆಗಳ ಕೆಳಗಂಚಿಗೂ, ಅದು ಓಡುವ ಹಳಿಪಟ್ಟಿಗೂ, ಸುಣ್ಣ ಅಂಟಿದ ಜಾಗಗಳಿಗೂ ಒತ್ತಿ ತಿಕ್ಕಿ, ಹತ್ತಿಬಟ್ಟೆಯಿಂದ ಒಮ್ಮೆ ಉಜ್ಜಿ. ಜೇನುಮೇಣ ನಮ್ಮ ಕಡೆ ಸುಲಭವಾಗಿ ಸಿಗುತ್ತದೆಯಾದರೂ ಅದು ಸ್ವಲ್ಪ ಅಂಟು, ಮೇಣದಬತ್ತಿಯಷ್ಟು ಜಾರುವುದಿಲ್ಲ. ಸಾಬೂನು ತಿಕ್ಕುವ ರೂಢಿ ಬಹಳ ಮನೆಗಳಲ್ಲಿದೆ, ಆದರೆ ಸಾಬೂನು ಗಾಳಿಯ ತೇವವನ್ನು ಎಳೆದುಕೊಂಡು ಮಳೆಗಾಲದಲ್ಲಿಯೇ ಲೋಳೆಯಾಗುತ್ತದೆ. ಕೊಬ್ಬರಿ ಎಣ್ಣೆಯನ್ನಂತೂ ದಯವಿಟ್ಟು ಹಚ್ಚಬೇಡಿ. ಎರಡು ದಿನ ಹಾಯೆನಿಸಿದರೂ ಎಣ್ಣೆ ಮರದೊಳಗೆ ಇಂಗಿ, ಧೂಳು ಹಿಡಿದು, ಕಪ್ಪು ಅಂಟಾಗಿ ಕೂರುತ್ತದೆ. ಆ ಜಾಗದಲ್ಲಿ ಮುಂದೆ ಪಾಲಿಷ್ಷೂ ಹಿಡಿಯುವುದಿಲ್ಲ, ಸರೇಸೂ ಹಿಡಿಯುವುದಿಲ್ಲ.

ಕೆತ್ತಲೇಬೇಕಾದರೆ ಮಾಘ ಮಾಸದವರೆಗೆ ಕಾಯಿರಿ. ಮರ ಪೂರ್ತಿ ಒಣಗಿರುವ ಆಗಲೂ ಡ್ರಾಯರಿನ ಮೇಲೆ ಕನಿಷ್ಠ 2 ಮಿಲಿಮೀಟರಿನ ಸಂದು ಇಲ್ಲದಿದ್ದರೆ ಮಾತ್ರ ಅದನ್ನು ಇಳಿಸುವುದು ನ್ಯಾಯ. ಮೊದಲು 80ರ ಉಪ್ಪು ಕಾಗದವನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ಗುರುತಿನ ಜಾಗದಲ್ಲಿ ಮಾತ್ರ ತಿಕ್ಕಿ, ಕೊನೆಗೆ 150ರದನ್ನು ಹಾಯಿಸಿದರೆ ಬಹಳ ಸಲ ಅಷ್ಟೇ ಸಾಕಾಗುತ್ತದೆ. ಹತ್ತರಿ ಬೇಕಾದರೆ ಅಲಗನ್ನು ಕಾಗದದಷ್ಟು ತೆಳುವಾದ ಹೊಟ್ಟು ಬರುವಂತೆ ಇಳಿಸಿ, ಎರಡೂ ಮೂಲೆಗಳಿಂದ ನಡುವಿಗೆ ಹೊಡೆಯಬೇಕು. ಒಂದು ತುದಿಯಿಂದ ಇನ್ನೊಂದು ತುದಿಯ ಆಚೆಗೆ ಓಡಿಸಿದರೆ, ಹತ್ತರಿ ದಾಟುವ ಮೂಲೆಯಲ್ಲಿ ಪಕ್ಕದ ಹಲಗೆಯ ನಾರು ಸೀಳಿ ಚಕ್ಕೆ ಏಳುತ್ತದೆ. ಎರಡು ಹೊಟ್ಟು ತೆಗೆದ ಮೇಲೆ ಡ್ರಾಯರನ್ನು ಹಾಕಿ ನೋಡಿ, ಮತ್ತೆ ಎರಡು ತೆಗೆಯಿರಿ. ಹೊಸದಾಗಿ ಬರಿದಾದ ಮರಕ್ಕೆ ಅರಗಿನ ಪಾಲಿಷನ್ನು ತೆಳ್ಳಗೆ ಎರಡು ಸಲ ಕೊಡಿ. ಅದು ತೇವ ಹೀರುವುದನ್ನು ನಿಧಾನಗೊಳಿಸುತ್ತದೆ. ಎನಾಮೆಲ್ ಬಣ್ಣವನ್ನು ಮಾತ್ರ ಓಡುವ ಅಂಚುಗಳಿಗೆ ಹಚ್ಚಬಾರದು. ಹಬ್ಬಹಬ್ಬಕ್ಕೂ ಬಳಿದ ಬಣ್ಣದ ಪದರಗಳೇ ಬಿಗಿಗೆ ಕಾರಣವಾದ ಮೇಜುಗಳನ್ನು ನೋಡಿದ್ದೇನೆ.

ಹಳೆಯ ಡ್ರಾಯರುಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ದೋಷವೂ ಉಂಟು. ಐವತ್ತು ಅರವತ್ತು ವರ್ಷ ಓಡಾಡಿದ ಪಕ್ಕದ ಹಲಗೆಗಳ ಕೆಳಗಂಚು ಸವೆದು ದೋಣಿಯ ತಳದಂತೆ ಬಾಗಿರುತ್ತದೆ, ಹಳಿಪಟ್ಟಿಯಲ್ಲಿ ಹಳ್ಳ ಬಿದ್ದಿರುತ್ತದೆ. ಆಗ ಡ್ರಾಯರು ಮುಂದಕ್ಕೆ ಕುಸಿದು, ಮುಖಹಲಗೆಯ ಕೆಳಗಂಚು ಚೌಕಟ್ಟಿಗೆ ಬಡಿಯುತ್ತದೆ. ಇಂಥದ್ದನ್ನು ಕೆತ್ತಿದರೆ ಇನ್ನೂ ಕೆಡುತ್ತದೆ. ಸವೆದ ಅಂಚನ್ನು ನೇರ ಮಾಡಿ, ಕಳೆದುಹೋದ ಎತ್ತರಕ್ಕೆ ಸರಿಯಾಗಿ ಮತ್ತಿ ಅಥವಾ ಹೊನ್ನೆಯಂತಹ ಗಟ್ಟಿಮರದ ಪಟ್ಟಿಯನ್ನು ಫೆವಿಕಾಲಿನಿಂದ ಅಂಟಿಸಿ ಒಂದು ದಿನ ಭಾರ ಹೇರಿಡಬೇಕು. ಮೂಲೆಗಳ ಕೂಡು ಸಡಿಲಾಗಿದ್ದರೆ ಹಳೆಯ ಸರೇಸನ್ನು ಬೆಚ್ಚಗಿನ ನೀರಿನ ಬಟ್ಟೆಯಿಂದ ನೆನೆಸಿ ಕೆರೆದು ತೆಗೆದು, ಮರ ಒಣಗಿದ ಮೇಲೆ ಹೊಸ ಅಂಟು ಹಾಕಿ, ಸುತ್ತಲೂ ಹತ್ತಿಯ ಹಗ್ಗ ಬಿಗಿದು, ಅದರೊಳಗೆ ಕೋಲು ತೂರಿಸಿ ತಿರುಚಿ, ಕರ್ಣಗಳು ಸಮವಾಗಿವೆಯೇ ಎಂದು ಅಂಟು ಹಸಿಯಿರುವಾಗಲೇ ಅಳೆಯಬೇಕು. ತಳದಲ್ಲಿ ಇಡೀ ಮರದ ಹಲಗೆ ಇದ್ದರೆ ಅದನ್ನು ಅಂಟಿಸಬೇಡಿ. ಅದು ತನ್ನ ತೋಡಿನಲ್ಲಿ ಹಿಗ್ಗಿ ಕುಗ್ಗಲು ಬಿಡುವಿರಬೇಕು.

ಪ್ಲೈವುಡ್ ಬೀರು ಮತ್ತು ಅಡುಗೆಮನೆಯ ಡ್ರಾಯರುಗಳು ಟೆಲಿಸ್ಕೋಪಿಕ್ ಚಾನೆಲ್ಲಿನ, ಅಂದರೆ ಒಳಗೆ ಸಣ್ಣ ಗುಂಡುಗಳಿದ್ದು ಎಳೆದಂತೆ ಉದ್ದವಾಗುವ ಲೋಹದ ಹಳಿಯ, ಮೇಲೆ ಓಡುತ್ತವೆ. ಅಲ್ಲಿ ಹೆಚ್ಚಾಗಿ ಕಾಣುವ ದೋಷ, ಸಡಿಲಾಗಿ ತಲೆ ಎತ್ತಿದ ಸ್ಕ್ರೂ. ಎರಡೂ ಚಾನೆಲ್ಲಿನ ಕಪ್ಪು ಪ್ಲಾಸ್ಟಿಕ್ ಕೊಂಡಿಗಳಲ್ಲಿ ಒಂದನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಏಕಕಾಲಕ್ಕೆ ಒತ್ತಿ ಎಳೆದರೆ ಡ್ರಾಯರು ಬಿಟ್ಟುಬರುತ್ತದೆ. ಸ್ಕ್ರೂ ತೂತು ಸವೆದಿದ್ದರೆ ಫೆವಿಕಾಲ್ ಅದ್ದಿದ ಬೆಂಕಿಕಡ್ಡಿಗಳನ್ನು ತುಂಬಿ, ಒಣಗಿದ ಮೇಲೆ ಮತ್ತೆ ಬಿಗಿಯಿರಿ. ಪ್ರತಿ ಪಕ್ಕದಲ್ಲೂ ಸುಮಾರು 12.5 ಮಿಲಿಮೀಟರ್ ಜಾಗ ಬೇಕು. ಒಂದು ಕಡೆ ಹೆಚ್ಚಿದ್ದರೆ ಚಾನೆಲ್ಲಿನ ಹಿಂದೆ ರಟ್ಟಿನ ತುಂಡು ಕೊಡಬಹುದು. ಗುಂಡುಗಳ ನಡುವಿನ ಕೂದಲು, ಹಿಟ್ಟು, ಹಳೆಯ ಜಿಡ್ಡನ್ನು ಬ್ರಷ್ಷಿನಿಂದ ತೆಗೆದು, ಸಿಲಿಕೋನ್ ಸ್ಪ್ರೇಯನ್ನು ಸ್ವಲ್ಪವೇ ಹಾಯಿಸಿ. ಮತ್ತೆ ಕೂರಿಸುವಾಗ ಗುಂಡುಗಳ ಪಟ್ಟಿಯನ್ನು ಮುಂದಕ್ಕೆ ಎಳೆದುಕೊಂಡು ಎರಡೂ ಪಕ್ಕವನ್ನು ಒಟ್ಟಿಗೆ ಸೇರಿಸಬೇಕು, ಬಲ ಹಾಕಿದರೆ ಗುಂಡುಗಳು ಉದುರುತ್ತವೆ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡು ಮಾತ್ರ ಒಣಗಿದರೂ ಹಳೆಯ ಅಳತೆಗೆ ಬರುವುದಿಲ್ಲ. ಆ ಹಲಗೆಯನ್ನು ಬದಲಿಸುವುದೇ ದಾರಿ.

ನಮ್ಮ ಮೇಜಿನ ಬಲಗಡೆಯ ಡ್ರಾಯರಿಗೆ ಆಮೇಲೆ ಮೇಲಂಚಿನ ಉದ್ದಕ್ಕೂ ಸಾಗುವಾನಿ ಪಟ್ಟಿಯನ್ನು ಅಂಟಿಸಿ, ಮಾಘದ ಒಣ ಹವೆಯಲ್ಲಿ ನಾನೇ ಅದನ್ನು 2 ಮಿಲಿಮೀಟರಿನ ಸಂದಿಗೆ ಇಳಿಸಿ, ಮೇಣ ಹಚ್ಚಿದೆ. ಆ ಅಳತೆಯನ್ನೂ ತಿಂಗಳನ್ನೂ ಡ್ರಾಯರಿನ ತಳದಲ್ಲಿ ಬರೆದಿದ್ದೇನೆ. ಮುಂದಿನ ಪುಷ್ಯ ಮಳೆಯಲ್ಲಿ ಒಂದು ಅಂಚೆ ಕಾರ್ಡನ್ನು ಆ ಸಂದಿನಲ್ಲಿ ಎಡದಿಂದ ಬಲಕ್ಕೆ ಎಳೆದು ನೋಡಿದೆ. ಎಲ್ಲಿಯೂ ತಡೆಯದೆ ಸಾಗಿತು.