ಕಾರಿಲ್ಲದೆ ಗ್ರೌಸ್ ಮೌಂಟನ್: ಅಪ್ಪ ಅಮ್ಮನ ಜೊತೆ ಒಂದು ದಿನ

ಕೆನಡಾದ ವ್ಯಾಂಕೂವರ್ ಪಕ್ಕದ ಸರ್ರೆಯಿಂದ ಕಾರಿಲ್ಲದೆ, ಎಪ್ಪತ್ತರ ಹತ್ತಿರದ ಅಪ್ಪ ಅಮ್ಮನನ್ನು ಕರೆದುಕೊಂಡು, ಒಂದೇ ದಿನದಲ್ಲಿ ಗ್ರೌಸ್ ಮೌಂಟನ್ ಬೆಟ್ಟದ ಮೇಲಿನ ಕರಡಿ, ಮರ ಕಡಿಯೋರ ಶೋ ನೋಡಿ ಬರೋದು ಆಗದ ಮಾತು ಅಂತ ಇಲ್ಲಿನ ಗೆಳೆಯರೆಲ್ಲ ಹೇಳಿದ್ದರು. 'ಬಾಡಿಗೆ ಕಾರು ತಗೊಳ್ಳಿ, ಹಿರಿಯರನ್ನ ಸುಮ್ನೆ ಅಲೆಸಬೇಡಿ' ಅನ್ನೋದು ಎಲ್ಲರ ಉಪದೇಶ. 2023ರ ಬೇಸಿಗೆಯಲ್ಲಿ ಮಾಡಿ ತೋರಿಸಿದೆ.

ಅದಕ್ಕೂ ಮುಂಚೆ ದುಡ್ಡು ಕಳೆದುಕೊಂಡ ಕತೆ ಇದೆ. ಒಮ್ಮೆ ಕೆಳಗೆ ಒಳ್ಳೆ ಬಿಸಿಲು, ಮೇಲೆ ಹೋದರೆ ಬರೀ ಮೋಡ. ತಲಾ ಎಪ್ಪತ್ತು ಡಾಲರ್ ಕೊಟ್ಟು ಹತ್ತಿದ್ದಕ್ಕೆ ಬೇಲಿಯೇ ನೆಟ್ಟಗೆ ಕಾಣಲಿಲ್ಲ, ಇನ್ನು ಕರಡಿ ಎಲ್ಲಿ? ಇನ್ನೊಮ್ಮೆ ಗೆಳೆಯರ ಕಾರಲ್ಲಿ ಹೊರಟು ಲಯನ್ಸ್ ಗೇಟ್ ಸೇತುವೆ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಪಾರ್ಕಿಂಗ್‌ಗೂ ದುಡ್ಡು ತೆತ್ತು ಮೇಲೆ ಮುಟ್ಟುವಾಗ ಮಟಮಟ ಮಧ್ಯಾಹ್ನ. ಕರಡಿಗಳು ನೆರಳಲ್ಲಿ ಬೆನ್ನು ತಿರುಗಿಸಿ ಮಲಗಿದ್ದವು. ಶೋ ನೋಡೋಕೆ ಕೂರಲು ಜಾಗವಿಲ್ಲ.

ಹಾಗಾಗಿ ಈ ಸಲ ಶನಿವಾರ ಬೆಳಿಗ್ಗೆ ಬೇಗ ಹೊರಟೆವು. ವಾರಾಂತ್ಯದಲ್ಲಿ ಟಿಕೆಟ್ ದರಕ್ಕೆ ಇಡೀ ಊರು ಒಂದೇ ಝೋನ್, ಅದೇ ಲಾಭ. ಸ್ಕೈಟ್ರೇನ್ ಅನ್ನೋ ಮೆಟ್ರೋ ರೈಲು, ವಾಟರ್‌ಫ್ರಂಟ್‌ನಲ್ಲಿ ಸೀಬಸ್ ಅನ್ನೋ ದೋಣಿ, 12 ನಿಮಿಷಕ್ಕೆ ಆಚೆ ದಡದ ಲಾನ್ಸ್‌ಡೇಲ್ ಕೀ, ಅಲ್ಲಿಂದ 236ನೇ ಬಸ್ಸು ನೇರ ಬೆಟ್ಟದ ಬುಡಕ್ಕೆ. 90 ನಿಮಿಷದೊಳಗೆ ಕೊನೆಯ ಬಸ್ಸಲ್ಲಿ ಕಾರ್ಡ್ ತಟ್ಟಿದರೆ ಎಲ್ಲಾ ಸೇರಿ ಒಂದೇ ಟಿಕೆಟ್, ಆಗ ತಲೆಗೆ ಎರಡೂವರೆ ಡಾಲರ್ ಆಸುಪಾಸು ಇತ್ತು. ಸೀಬಸ್ಸಿನಲ್ಲಿ ಅಮ್ಮ ಕಿಟಕಿ ಬಿಟ್ಟು ಏಳಲೇ ಇಲ್ಲ.

ಹೆಂಡತಿ, ಅಪ್ಪ, ಅಮ್ಮ ಸ್ಕೈರೈಡ್ ಅನ್ನೋ ಕೇಬಲ್ ಕಾರು ಹತ್ತಿದರು. ನನ್ನದು ಬೇರೆ ಪ್ರಯೋಗ: ಗ್ರೌಸ್ ಗ್ರೈಂಡ್ ಅನ್ನೋ ಕಾಲುದಾರಿ ಹತ್ತಿ ಹೋದೆ. ಎರಡೂವರೆ ಕಿಲೋಮೀಟರಿಗೆ 800 ಮೀಟರ್ ಏರು, 2,830 ಮೆಟ್ಟಿಲು. ಒಂದೂಮುಕ್ಕಾಲು ಗಂಟೆ ಹಿಡಿಯಿತು. ಇಳಿಯೋಕೆ ಮಾತ್ರ ಟಿಕೆಟ್, ಆಗ ಸುಮಾರು ಇಪ್ಪತ್ತು ಡಾಲರ್. ಐವತ್ತು ಉಳಿಯಿತು. ಮಾರನೇ ದಿನ ಮನೆಯ ಮೆಟ್ಟಿಲು ಇಳಿಯೋಕೆ ಗೋಡೆ ಹಿಡಿಯಬೇಕಾಯಿತು ಅನ್ನೋದು ಬೇರೆ ಲೆಕ್ಕ.

ನಾನು ಏದುಸಿರು ಬಿಡುತ್ತಾ ಮೇಲೆ ಹೋದಾಗ ಅವರು ಬೇಲಿ ಹತ್ತಿರವೇ ಇದ್ದರು. ಗ್ರೈಂಡರ್ ಮತ್ತು ಕೂಲಾ, ಎರಡೂ 2001ರಲ್ಲಿ ತಾಯಿಯಿಲ್ಲದ ಮರಿಗಳಾಗಿ ಇಲ್ಲಿಗೆ ಬಂದ ಗ್ರಿಜ್ಲಿ ಕರಡಿಗಳು. ಒಂದು ಕೊಳಕ್ಕಿಳಿದು ಕತ್ತಿನ ತನಕ ಮುಳುಗಿ ಕೂತಿತ್ತು. ಇನ್ನೊಂದು ಬೇಲಿಯ ಪಕ್ಕದಲ್ಲೇ ಹುಲ್ಲು ಕೆದರುತ್ತಾ ಬಂತು. ಭುಜದ ಗೂನು, ಬೆರಳುದ್ದದ ಉಗುರು, ಎಲ್ಲಾ ಸ್ಪಷ್ಟ. 'ಪಾಪ, ತಬ್ಬಲಿಗಳು' ಅಂದರು ಅಮ್ಮ, ಅಷ್ಟು ದೊಡ್ಡ ಪ್ರಾಣಿಯನ್ನ ನೋಡಿ! ಬೆಳಗಿನ ತಂಪಲ್ಲಿ ಹೋಗಬೇಕು, ಅಷ್ಟು ಹೇಳುತ್ತೇನೆ. ಯಾವ ಮೂಲೆಯಲ್ಲಿ ನಿಲ್ಲಬೇಕು ಅಂತ ಬರೆಯಲ್ಲ. ಬರೆದರೆ ಮುಂದಿನ ಸಲ ನನಗೇ ಜಾಗ ಸಿಗಲ್ಲ.

ಊಟ ಶೋಗೆ ಮುಂಚೆಯೇ ಮುಗಿಸಿದೆವು. ಹಿಂದೆ ಅವಲಕ್ಕಿ ಒಯ್ದು ನೋಡಿದ್ದೆ, ಮೇಲಿನ ಚಳಿಗೆ ಗಟ್ಟಿಯಾಗಿತ್ತು. ಪುಳಿಯೋಗರೆಗೆ ಆ ತೊಂದರೆ ಇಲ್ಲ. ಉಳಿದವರು ಹೋಟೆಲ್ ಸಾಲಲ್ಲಿ ನಿಂತಿದ್ದಾಗ ನಾವು ಬೆಂಚು ಹಿಡಿದಾಗಿತ್ತು.

ಲಂಬರ್‌ಜ್ಯಾಕ್, ಅಂದರೆ ಮರ ಕಡಿಯೋರ ಶೋ ಮುಕ್ಕಾಲು ಗಂಟೆ. ಕೊಡಲಿ ಎಸೆತ, ನೀರಲ್ಲಿ ದಿಮ್ಮಿಯ ಮೇಲೆ ಓಡೋದು, ಕಂಬ ಹತ್ತೋದು. ನನಗೆ ಹಿಡಿಸಿದ್ದು ಸ್ಪ್ರಿಂಗ್‌ಬೋರ್ಡ್. ಕಾಂಡದಲ್ಲಿ ಕೊಡಲಿಯಿಂದ ಕಚ್ಚು ಮಾಡಿ, ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು ಮೇಲೆ ಕಡಿಯುತ್ತಾರೆ. ಹಿಂದೆ ಇಲ್ಲಿನ ದೈತ್ಯ ಮರಗಳ ಬುಡ ತುಂಬಾ ಅಗಲ ಅಂತ ಹೀಗೆ ಮಾಡುತ್ತಿದ್ದರಂತೆ. ವ್ಯಾಂಕೂವರಿನ ಸ್ಟ್ಯಾನ್ಲಿ ಪಾರ್ಕಿನ ಹಳೇ ಬೊಡ್ಡೆಗಳಲ್ಲಿ ಆ ಕಚ್ಚು ಈಗಲೂ ಇದೆ, ಹೋದಾಗ ಗಮನಿಸಿ.

ಇಬ್ಬರು ಹಿಡಿಯುವ ಗರಗಸ ಬಂದಾಗ ಅಪ್ಪ ನೆಟ್ಟಗೆ ಕೂತರು. ತೀರ್ಥಹಳ್ಳಿ ಕಡೆ ಮರ ಕೊಯ್ಯೋರನ್ನ ನೋಡುತ್ತಾ ಬೆಳೆದವರು. 'ಎಳೀಬೇಕು ಅಷ್ಟೇ ಕಣೋ, ತಳ್ಳಬಾರದು. ತಳ್ಳಿದ್ರೆ ಅಲಗು ಬಳುಕುತ್ತೆ' ಅಂದರು. ಆಮೇಲೆ ನೋಡಿದರೆ ಸೋತ ಜೋಡಿಯ ಒಬ್ಬ ತಳ್ಳುತ್ತಿದ್ದ, ನಿಜವಾಗಿಯೂ!

ಮೂವರ ಟಿಕೆಟ್, ನನ್ನ ಇಳಿಯೋ ಟಿಕೆಟ್, ಬಸ್ಸು ರೈಲು ಎಲ್ಲಾ ಸೇರಿ ಇನ್ನೂರೈವತ್ತು ಡಾಲರ್ ಆಸುಪಾಸು ಆಯಿತು. ಸಂಜೆ ಸ್ಕೈರೈಡ್ ಸಾಲು ಬೆಳೆಯುತ್ತೆ. ಶೋ ಮುಗಿದ ತಕ್ಷಣ ಏಳಬೇಡಿ, ಎಲ್ಲರೂ ಆಗಲೇ ಇಳಿಯೋದು. ಸ್ವಲ್ಪ ತಡೆದು ಹೊರಡಿ. ಎಷ್ಟು ತಡೀಬೇಕು ಅನ್ನೋದನ್ನ ನೀವೇ ನೋಡಿಕೊಳ್ಳಿ.