ತಾಟಿನ್ಯಾಗಿನ ಜಗತ್ತು: ಓಣ್ಯಾಗ ಊಟದ ಕ್ವಿಜ್ ನಡೆಸೋದು ಹೆಂಗ?

ಗಣಪತಿ ಕೂಡ್ಸಿದಾಗ ಆಗ್ಲಿ, ಶಾಲಿ ಗ್ಯಾದರಿಂಗ್ ಇದ್ದಾಗ ಆಗ್ಲಿ, ಹೆಣ್ಮಕ್ಕಳ ಸಂಘದ ಮೀಟಿಂಗ್ ಜಲ್ದಿ ಮುಗಿದಾಗ ಆಗ್ಲಿ, ಒಂದು ತಾಸು ಖಾಲಿ ಉಳೀತು ಅಂದ್ರ ಯಾರಾದ್ರೂ ಒಬ್ರು ಕ್ವಿಜ್ ಇಡ್ರಿ ಅಂತಾರ. ಇಟ್ರ ಅದೇ ರಾಜಧಾನಿ, ಅದೇ ಕ್ರಿಕೆಟ್, ಕಾಂಪಿಟೇಟಿವ್ ಎಕ್ಸಾಮಿಗಿ ಓದೋ ನಾಕು ಹುಡುಗ್ರು ಟಕಾಟಕ ಉತ್ತರ ಹೇಳ್ತಾರ, ಹಿಂದ ಕುಂತ ಅವ್ವಂದಿರು ಎದ್ದು ಮನಿಗಿ ಹೋಗ್ತಾರ. ಕಲಬುರಗಿ ಬ್ರಹ್ಮಪುರದಾಗ ನಮ್ಮ ಓಣಿ ಗಣಪತಿ ಮುಂದನೂ ಹಿಂಗ ಆಗ್ತಿತ್ತು, ಅದಕ್ಕ ನಾವು ಊಟ-ತಿಂಡಿ-ಅಡಗಿ ಮ್ಯಾಲಿನ ಕ್ವಿಜ್ ಶುರು ಮಾಡಿದ್ವಿ. ಊಟದ ವಿಷಯಕ್ಕ ಬಂದ್ರ ಪುಸ್ತಕ ಓದಿದವರಿಗಿಂತ ಒಲಿ ಮುಂದ ಕುಂತವರಿಗಿ ಜಾಸ್ತಿ ಗೊತ್ತಿರ್ತದ, ಅದು ಮೆಕ್ಸಿಕೋದ ಅಡಗಿ ಆದ್ರೂ ಅಷ್ಟ, ಜಪಾನಿನ ಅಡಗಿ ಆದ್ರೂ ಅಷ್ಟ, ನಾವು ಪ್ರಶ್ನೆ ಕೇಳೋ ರೀತಿ ಸರಿ ಇರಬೇಕು. ಆ ರೀತಿ ಯಾವುದು ಅಂತ ನಾವು ಕಲ್ತಿದ್ದು ಇಲ್ಲಿ ಬರೀತೀನಿ, ನಿಮ್ಮ ಓಣ್ಯಾಗ ಮಾಡಿ ನೋಡ್ರಿ.

ಮೊದಲು ಮಾಡಬೇಕಾದ್ದು, ನೆಟ್‌ದಾಗಿಂದ ಪ್ರಶ್ನೆ ಇಳಿಸಿಕೊಳ್ಳೋದು ಬಿಡ್ರಿ. ರಾತ್ರಿ ಉಣ್ಣಾಕ ಕುಂತಾಗ ನಿಮ್ಮ ತಾಟು ನೋಡ್ರಿ, ಅದರಾಗ ಏನೇನು ಅದ ಅಂತ ಒಂದು ಹಾಳ್ಯಾಗ ಬರೀರಿ. ನಮ್ಮ ಮನ್ಯಾಗಿಂದು ಹೇಳ್ತೀನಿ: ಜ್ವಾಳದ ರೊಟ್ಟಿ, ತೊಗರಿ ಬ್ಯಾಳಿ, ಬದನಿಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಬಾಜೂಕ ಒಂದು ಹಸಿ ಮೆಣಸಿನಕಾಯಿ. ಈಗ ಒಂದೊಂದರ ಮುಂದ ಅದರ ತವರುಮನಿ ಬರೀರಿ. ಜ್ವಾಳ ನಮ್ಮದೇ ಅಂತ ಎಲ್ಲಾರೂ ಎದಿ ತಟ್ಟಿ ಹೇಳ್ತಾರ, ಆದ್ರ ಅದನ್ನ ಮೊದಲು ಬೆಳೆಸಿದ್ದು ಆಫ್ರಿಕಾದಾಗ, ಸುಡಾನ್ ಕಡೆ, ಅಲ್ಲಿಂದ ಸಾವಿರಾರು ವರ್ಷದ ಹಿಂದ ನಮ್ಮ ಕಡೆ ಬಂದದ. ಪುಂಡಿನೂ ಆಫ್ರಿಕಾದ್ದೇ. ಶೇಂಗಾ ದಕ್ಷಿಣ ಅಮೆರಿಕಾದ್ದು. ಮೆಣಸಿನಕಾಯಿ ಅಮೆರಿಕಾ ಖಂಡದ್ದು, ಪೋರ್ಚುಗೀಸರು ಹಡಗದಾಗ ತಂದಿದ್ದು, ಅಂದ್ರ 1498ಕ್ಕ ವಾಸ್ಕೋ ಡ ಗಾಮ ಕಲ್ಲಿಕೋಟೆಗಿ ಬರೋಕಿಂತ ಮೊದಲು ಇಲ್ಲಿ ಖಾರ ಅಂದ್ರ ಕರಿ ಮೆಣಸು, ಆ ಮೆಣಸಿನ ಹೆಸರೇ ಹೊಸಾ ಕಾಯಿಗಿ ಅಂಟಿಕೊಂಡು ಮೆಣಸಿನಕಾಯಿ ಆಯ್ತು. ಇಷ್ಟೆಲ್ಲಾದರ ನಡುವ ತೊಗರಿ, ಬದನಿಕಾಯಿ ಎರಡು ಮಾತ್ರ ನಮ್ಮ ಕಡೆ ಹುಟ್ಟಿದ್ದು, 2019ರಾಗ ಗುಲ್ಬರ್ಗಾ ತೊಗರಿ ಬ್ಯಾಳಿಗಿ ಜಿಐ ಟ್ಯಾಗನೂ (ಇದು ಇಂಥಾ ಊರಿಂದೇ ಅಂತ ಸರ್ಕಾರ ಕೊಡೋ ಗುರುತು) ಸಿಕ್ಕದ.

ನೋಡ್ರಿ, ಒಂದೇ ತಾಟಿನ್ಯಾಗ ಆರು ಪ್ರಶ್ನೆ ಆದ್ವು. ಇನ್ನ ಆ ಪದಾರ್ಥನ ಹಿಡ್ಕೊಂಡು ಬ್ಯಾರೆ ದೇಶದ ಅಡಗಿ ಮನಿ ಹೊಕ್ಕು ಬರ್ರಿ. ಜ್ವಾಳದ ಹಿಟ್ಟು ಹುಳಿ ಬರ್ಸಿ ತೆಳ್ಳಗ ದೋಸಿ ಹಂಗ ಎರೆಯೋದು ಸುಡಾನಿನವರು, ಅದರ ಹೆಸರು ಕಿಸ್ರಾ. ಅದೇ ಜ್ವಾಳದಿಂದ ಚೀನಾದವರು ಬೈಜಿಯು ಅನ್ನೋ ಸೆರೆ ಇಳಿಸ್ತಾರ. ನಮ್ಮ ತೊಗರಿ ಸಮುದ್ರ ದಾಟಿ ಕೆರಿಬಿಯನ್ ದ್ವೀಪದ ಪೋರ್ಟೊ ರಿಕೋಕ್ಕ ಹೋಗಿ ಅಲ್ಲಿ ಗಾಂದುಲೆಸ್ ಆಗ್ಯಾದ, ತೊಗರಿ ಕಾಳು ಹಾಕಿ ಮಾಡಿದ ಅನ್ನ ಅಲ್ಲಿ ಹಬ್ಬದ ಊಟ, ನಮ್ಮಲ್ಲಿ ತಹರಿ ಹೆಂಗೋ ಹಂಗ. ಪುಂಡಿ ಬಳಗದ ಒಂದು ಗಿಡದ ಹೂವಿನ ಕೆಂಪು ತೊಟ್ಟು ಒಣಗ್ಸಿ ಈಜಿಪ್ಟಿನವರು ಕರ್ಕಡೆ ಅಂತ ಹುಳಿ-ಸಿಹಿ ಪಾನಕ ಮಾಡಿ ಕುಡೀತಾರ. ಕಡ್ಲಿ ಬೇಯ್ಸಿ, ಎಳ್ಳು ನುಣ್ಣಗ ಅರದು ಕೂಡ್ಸಿದ್ರ ಅರಬ್ಬರ ಹಮ್ಮುಸ್. ಹಿಂಗ ಕೇಳಿದಾಗ ಮಂದಿಗಿ ದೂರದ ದೇಶ ದೂರ ಅನ್ಸೋದಿಲ್ಲ.

ಎರಡನೇ ಹಂತ ಭಾಳ ಮುಖ್ಯ ಅದ, ಇಲ್ಲಿ ಸ್ವಲ್ಪ ಪುರುಸೊತ್ತು ತಗೋರಿ: ಪ್ರಶ್ನೆನ ತಿರುವಿ ಬರೆಯೋದು. "ಟೋರ್ಟಿಯಾ ಯಾವ ದೇಶದ್ದು?" ಅಂತ ಕೇಳಿದ್ರ ಗೊತ್ತಿದ್ದವರು ಮೆಕ್ಸಿಕೋ ಅಂತಾರ, ಗೊತ್ತಿಲ್ಲದವರು ಸುಮ್ಮ ಕೂಡ್ತಾರ, ವಿಚಾರ ಮಾಡ್ಲಿಕ್ಕ ಅಲ್ಲಿ ಏನೂ ಇಲ್ಲ. ಅದನ್ನೇ ನಾವು ಹಿಂಗ ಕೇಳಿದ್ವಿ: "ಮೆಕ್ಸಿಕೋದಾಗ ಮೆಕ್ಕಿಜ್ವಾಳದ ರೊಟ್ಟಿ ಮಾಡೋವಾಗ ಕಾಳು ರುಬ್ಬೋಕಿಂತ ಮೊದಲು ಅದನ್ನ ಒಂದು ಬಿಳಿ ಪದಾರ್ಥ ಕಲಸಿದ ನೀರಾಗ ಕುದಿಸಿ ರಾತ್ರಿ ಎಲ್ಲಾ ನೆನೆ ಇಡ್ತಾರ, ಆ ಪದಾರ್ಥ ನಿಮ್ಮಲ್ಲಿ ಭಾಳ ಮಂದಿ ದಿನಾ ಬಾಯಾಗ ಹಾಕ್ಕೋತೀರಿ, ಏನದು?" ಹುಡುಗ್ರು ಉಪ್ಪು ಅಂದ್ರು, ಸೋಡಾ ಅಂದ್ರು. ಹಿಂದ ಗ್ವಾಡಿಗಿ ಆತು ಕುಂತಿದ್ದ ಒಬ್ಬಾಕಿ ಆಯಿ ಎಲಿಚೀಲ ಬಿಚ್ಚಿ, ಎಲಿ ಬೆನ್ನಿಗಿ ಬಟ್ಟಿಲೆ ಹಚ್ಚಲಕತ್ತಿದ್ರು, ಅದೇ ಬಟ್ಟು ಮ್ಯಾಲ ಎತ್ತಿ "ಸುಣ್ಣ ಏನೋ ತಮ್ಮಾ?" ಅಂದ್ರು. ಸುಣ್ಣನೇ. ಸುಣ್ಣದ ನೀರಾಗ ಕುದ್ದಾಗ ಕಾಳಿನ ಸಿಪ್ಪಿ ಬಿಡ್ತದ, ಹಿಟ್ಟು ಅಂಟು ಬಂದು ರೊಟ್ಟಿ ತಟ್ಟಲಿಕ್ಕ ಬರ್ತದ, ಕಾಳಿನ್ಯಾಗ ಸಿಕ್ಕಿಬಿದ್ದ ನಯಾಸಿನ್ ಅನ್ನೋ ವಿಟಮಿನ್ ಮೈಗಿ ಹತ್ತೋ ಹಂಗ ಬಿಡುಗಡಿ ಆಗ್ತದ. ಯುರೋಪಿನವರು ಮೆಕ್ಕಿಜ್ವಾಳ ಒಯ್ದ್ರು, ಸುಣ್ಣದ ಪದ್ಧತಿ ಒಯ್ಯಲಿಲ್ಲ, ಮುಂದ ಬರೀ ಅದನ್ನೇ ಉಂಡ ಬಡವರಿಗಿ ಆ ವಿಟಮಿನ್ ಸಿಗದೇ ಪೆಲ್ಲಾಗ್ರಾ ಅನ್ನೋ ರೋಗ ಹತ್ತಿತು. ಇದನ್ನ ಹೇಳಿದಾಗ ಇಡೀ ಪೆಂಡಾಲ ಸುಮ್ಮ ಕುಂತು ಕೇಳ್ತು. ಉತ್ತರ ಹೇಳಿದ ಮ್ಯಾಲ ಎರಡು ಮಾತಿನ್ಯಾಗ ಕಾರಣ ಹೇಳೋದು ಅದಕ್ಕ ತಪ್ಪಿಸಬ್ಯಾಡ್ರಿ, ಮಾರ್ಕ್ಸ್ ಮರ್ತು ಹೋಗ್ತಾವ, ಕಾರಣ ನೆನಪಿರ್ತದ.

ಆಮ್ಯಾಲ ಉತ್ತರ ತಪಾಸ್ ಮಾಡೋದು. ಇದರಾಗ ನನ್ನಿಂದ ಒಂದು ತಪ್ಪು ಆಗ್ಯಾದ, ಇವತ್ತಿಗೂ ಮನಸಿನ್ಯಾಗ ಅದ. ಮೊದಲ ವರ್ಷ "ಸುಶಿ ಅಂದ್ರ ಏನು?" ಅಂತ ಕೇಳಿದ್ದೆ, ಏಳನೇತ್ತೆ ಓದೋ ಒಬ್ಬ ಹುಡುಗ "ಹುಳಿ ಕಲಸಿದ ಅನ್ನ" ಅಂದ, ನನ್ನ ಚೀಟ್ಯಾಗ ಹಸಿ ಮೀನು ಅಂತಿತ್ತು, ತಪ್ಪು ಅಂತ ಹೇಳಿ ಮುಂದ ಹೋದೆ, ಅವರ ಟೀಮು ಒಂದೇ ಮಾರ್ಕಿಲೆ ಸೋತ್ತು. ರಾತ್ರಿ ಕುಂತು ನೋಡಿದ್ರ ಅವನದೇ ಖರೆ: ವಿನೆಗರ್ ಕಲಸಿದ ಅನ್ನ ಇದ್ರೇ ಅದು ಸುಶಿ, ಮೀನು ಇಲ್ಲದ ಸುಶಿನೂ ಇರ್ತದ, ಬರೀ ಹಸಿ ಮೀನಿನ ತುಂಡಿಗಿ ಸಾಶಿಮಿ ಅಂತಾರ. ಮರುದಿನ ಮುಂಜಾನಿ ಅವರ ಮನಿಗಿ ಹೋಗಿ, ಅವರ ಅಪ್ಪ-ಅವ್ವನ ಮುಂದನೇ ತಪ್ಪು ನಂದು ಅಂತ ಹೇಳಿ ಅವನ ಕೈಯಾಗ ಬಹುಮಾನ ಕೊಟ್ಟು ಬಂದೆ. ಅವತ್ತಿಂದ ಒಂದು ನಿಯಮ ಮಾಡೀನಿ, ಪ್ರತಿ ಉತ್ತರನೂ ಎರಡು ಬ್ಯಾರೆ ಬ್ಯಾರೆ ಕಡೆ ನೋಡೋದು, ಎರಡೂ ಕಡೆ ಒಂದೇ ಇದ್ರ ಮಾತ್ರ ಚೀಟಿ ಬರೆಯೋದು.

ಜಗಳ ಇರೋ ಪ್ರಶ್ನೆ ಅಂತೂ ದೂರ ಇಡ್ರಿ. ಫ್ರೆಂಚ್ ಫ್ರೈಸ್ ಯಾರದ್ದು ಅಂದ್ರ ಬೆಲ್ಜಿಯಂದವರು ನಮ್ಮದು ಅಂತಾರ, ಫ್ರಾನ್ಸಿನವರು ನಮ್ಮದು ಅಂತಾರ. ರಸಗುಲ್ಲಾ ಯಾವ ರಾಜ್ಯದ್ದು ಅಂತ ಕೇಳಿದ್ರ ಬಂಗಾಳಕ್ಕ 2017ರಾಗ ಜಿಐ ಸಿಕ್ಕದ, ಒಡಿಶಾಕ್ಕ 2019ರಾಗ ಸಿಕ್ಕದ, ಎರಡೂ ಬ್ಯಾರೆ ಬ್ಯಾರೆ ರಸಗುಲ್ಲಾ ಅಂತ ಸರ್ಕಾರನೇ ಒಪ್ಪಿಕೊಂಡದ. ಹಂತಾದ್ದು ಕೇಳಲೇಬೇಕು ಅಂದ್ರ ಆ ಜಗಳನೇ ಪ್ರಶ್ನೆ ಮಾಡ್ರಿ: "ಯಾವ ಎರಡು ರಾಜ್ಯ?"

ನಾಕು ಆಪ್ಶನ್ ಕೊಡೋದಿದ್ರ ತಪ್ಪು ಆಪ್ಶನ್ನೂ ಉತ್ತರದ ಜಾತಿದೇ ಇರ್ಲಿ. ಇಥಿಯೋಪಿಯಾದ ಇಂಜೆರಾ ರೊಟ್ಟಿ ಯಾವ ಹಿಟ್ಟಿಂದು ಅಂದಾಗ ಸರಿ ಉತ್ತರ ಟೆಫ್ ಅನ್ನೋ ಸಣ್ಣ ಕಾಳಿನ ಜೋಡಿ ಸಜ್ಜಿ, ರಾಗಿ, ಗೋಧಿ ಇಡ್ರಿ, ಪ್ಲಾಸ್ಟಿಕ್, ಮಣ್ಣು ಅಂತ ಇಡಬ್ಯಾಡ್ರಿ.

ಅಡಗಿ ಮಾಡೋ ಪದ್ಧತಿ ಮ್ಯಾಲ ಒಂದು ರೌಂಡ್ ಬೇಕೇ ಬೇಕು, ನನ್ನ ಮೆಚ್ಚಿನ ರೌಂಡ್ ಇದೇ. ಚಳಿಗಾಲದಾಗ ಹೊಲಕ್ಕ ಹೋಗಿ ಸೀತನಿ ತಿಂದವರಿಗಿ ಗೊತ್ತು, ಕುಳ್ಳಿನ ಕೆಂಡದಾಗ ಹಸಿ ಜ್ವಾಳದ ತೆನಿ ಇಟ್ಟು, ಮ್ಯಾಲ ಕರ್ರಗ ಆದ ಮ್ಯಾಲ ತಗದು ಬಿಸಿ ಇದ್ದಾಗನೇ ಅಂಗೈಯಾಗ ತಿಕ್ಕಿ, ಊದಿ, ಹಸರು ಕಾಳು ಬಾಯಿಗಿ ಹಾಕ್ಕೊಂಡ್ರ ಹಾಲಿನ ರುಚಿ ಬರ್ತದ. ಇನ್ನ ನ್ಯೂಜಿಲೆಂಡಿನ ಮಾವೋರಿ ಮಂದಿ ತೆಗ್ಗು ತೋಡಿ ಕಾದ ಕಲ್ಲು ಹಾಕಿ, ಅದರ ಮ್ಯಾಲ ಮಾಂಸ, ಗೆಣಸು ಇಟ್ಟು, ಒದ್ದಿ ಬಟ್ಟಿ ಹೊಚ್ಚಿ, ಮಣ್ಣು ಮುಚ್ಚಿ ತಾಸುಗಟ್ಟಲೆ ಬಿಡ್ತಾರ, ಅದು ಹಾಂಗಿ. ಎರಡೂ ನೆಲದಾಗಿನ ಅಡಗಿನೇ, ಪ್ರಶ್ನೆ ಏನಂದ್ರ ಯಾವುದು ಸುಡೋದು, ಯಾವುದು ಬೇಯ್ಸೋದು? ಸೀತನಿ ಸುಡೋದು, ಹಾಂಗಿ ಹಬಿಯಾಗ ಬೇಯೋದು, ಯಾಕಂದ್ರ ಅಲ್ಲಿ ಒದ್ದಿ ಹಬಿ ಹೊರಗ ಹೋಗ್ಲಿಕ್ಕ ದಾರಿ ಇಲ್ಲ. ಇನ್ನೊಂದು: ರೊಟ್ಟಿ ಹಿಟ್ಟಿಗಿ ಕುದಿಯೋ ಎಸರೇ ಯಾಕ ಹಾಕ್ತಾರ, ಚಪಾತಿಗಿ ಯಾಕ ಬ್ಯಾಡ? ಗೋಧ್ಯಾಗ ಗ್ಲೂಟೆನ್ ಅನ್ನೋ ಜಿಗಿ ಅದ, ಜ್ವಾಳದಾಗ ಇಲ್ಲ, ಎಸರು ಬಿದ್ದಾಗ ಜ್ವಾಳದ ಪಿಷ್ಟ ಅರ್ಧ ಬೆಂದು ಆ ಜಿಗಿಯ ಕೆಲಸ ತಾನು ಮಾಡ್ತದ. ಪೆರು ದೇಶದ ಸೆವಿಚೆ ಬೆಂಕಿ ಇಲ್ಲದೇ ಲಿಂಬಿ ಹುಳ್ಯಾಗ ಮೀನು ಗಟ್ಟಿ ಮಾಡೋದು. ಕುಕ್ಕರ್ ಮೂಲ 1679ರಾಗ ದನಿ ಪಾಪಿನ್ ಅನ್ನೋ ಫ್ರಾನ್ಸಿನ ವಿಜ್ಞಾನಿ ಮಾಡಿದ ಯಂತ್ರ. ಒತ್ತಡದಾಗ ನೀರು 120 ಡಿಗ್ರಿ ತನಕ ಕಾಯ್ತದ, ಅದಕ್ಕೇ ನಮ್ಮ ಬ್ಯಾಳಿ ಜಲ್ದಿ ಬೇಯ್ತದ.

ಕುಡಿಯೋದರ ರೌಂಡ್ ಸಣ್ಣದು ಸಾಕು. ಹಸರು ಚಹಾ, ಕಪ್ಪು ಚಹಾ ಒಂದೇ ಗಿಡದ ಎಲಿ ಏನು? ಹೌದು, ಎಲಿ ಗಾಳಿಗಿ ಕಪ್ಪಾಗಲಿಕ್ಕ ಬಿಡ್ತಾರೋ ಇಲ್ಲೋ ಅನ್ನೋದಷ್ಟ ಫರಕ್. ಚಹಾ, ಟೀ ಎರಡೂ ಹೆಸರು ಚೀನಾದ್ದೇ, ಕರಾವಳಿ ಕಡೆ ಆಡೋ ತೆ ಅನ್ನೋದು ಡಚ್ ವ್ಯಾಪಾರಿಗಳ ಕೈಯಿಂದ ಯುರೋಪಿಗಿ ಹೋಗಿ ಟೀ ಆಯ್ತು, ಚಾ ಅನ್ನೋದು ನಮ್ಮ ಕಡೆ ಬಂದು ಚಹಾ ಆಯ್ತು.

ವಾಸನಿ ರೌಂಡ್ ಇಟ್ರ ಸಣ್ಣ ಹುಡುಗ್ರೂ ಕುಣೀತಾರ. ಸಣ್ಣ ಸ್ಟೀಲ್ ಡಬ್ಬಿ ಆರು ತಗೊಂಡು ಜೀರಿಗಿ, ಶಾಜೀರಾ, ಅಜವಾನ, ದಾಲ್ಚಿನ್ನಿ, ಸೋಂಪು ಹಾಕಿ, ಒಂದರಾಗ ಹತ್ತಿ ಮ್ಯಾಲ ಎರಡು ಹನಿ ವೆನಿಲಾ ಎಸೆನ್ಸ್ ಹಾಕಿ, ಬಾಯಿಗಿ ತೆಳು ಬಟ್ಟಿ ಕಟ್ರಿ. ಡಬ್ಬಿಗಿ ನಂಬರ್ ಬರೀಲಿಕ್ಕ ಮರೀಬ್ಯಾಡ್ರಿ. ವೆನಿಲಾ ಬಂದಾಗ ಒಂದು ಕತಿ ಹೇಳ್ರಿ: ಮೆಕ್ಸಿಕೋದ ಆ ಬಳ್ಳಿ ಬ್ಯಾರೆ ಕಡೆ ಹೂ ಬಿಡ್ತಿತ್ತು, ಕಾಯಿ ಹಿಡೀತಿರಲಿಲ್ಲ, 1841ರಾಗ ರಿಯೂನಿಯನ್ ದ್ವೀಪದಾಗ ಗುಲಾಮನಾಗಿದ್ದ ಎಡ್ಮಂಡ್ ಆಲ್ಬಿಯಸ್ ಅನ್ನೋ 12 ವರ್ಷದ ಹುಡುಗ ಒಂದು ಕಡ್ಡಿ ಮತ್ತ ಹೆಬ್ಬೆಟ್ಟು ಹಚ್ಚಿ ಹೂವಿಗಿ ಪರಾಗ ಕೂಡ್ಸೋದು ತೋರ್ಸಿದ, ಇವತ್ತಿಗೂ ವೆನಿಲಾ ಬೆಳೆಯೋರು ಹಂಗೇ ಮಾಡ್ತಾರ. ರುಚಿ ನೋಡೋ ರೌಂಡ್ ಮಾಡೋದಾದ್ರ ಶೇಂಗಾ, ಎಳ್ಳು, ಹಾಲು ಯಾರಿಗಿ ಒಗ್ಗೋದಿಲ್ಲ ಅಂತ ಮೊದಲೇ ಕೇಳ್ರಿ, ಶೇಂಗಾ ಕೆಲವರ ಜೀವಕ್ಕೇ ಕುತ್ತು ತರ್ತದ. ಮಾಂಸದ ಅಡಗಿ ಪ್ರಶ್ನ್ಯಾಗ ಇರ್ಲಿ, ತಾಟಿನ್ಯಾಗ ಬ್ಯಾಡ, ಎಲ್ಲಾರೂ ಕೂಡಿ ಕುಂತಿರ್ತೀವಿ.

ಇನ್ನ ನಡೆಸೋದು. ನಾಕು ಮಂದಿಗಿ ಒಂದು ಟೀಮ್ ಮಾಡ್ರಿ, ಅದರಾಗ ಒಬ್ರು ಅರವತ್ತು ದಾಟಿದವರು, ಒಬ್ರು ಶಾಲಿ ಹುಡುಗ್ರು ಇರಲೇಬೇಕು ಅಂತ ನಿಯಮ ಮಾಡ್ರಿ. ಮೂವತ್ತು ಪ್ರಶ್ನೆ ಸಾಕು, ಒಂದಕ್ಕ ಅರ್ಧ ನಿಮಿಷ, ಸುಣ್ಣದಂಥ ಪ್ರಶ್ನಿಗಿ ಒಂದು ನಿಮಿಷ. ಮೊಬೈಲ್ ಎಲ್ಲಾ ಒಂದು ಬುಟ್ಟ್ಯಾಗ ಹಾಕ್ಸಿರಿ. ಬಹುಮಾನಕ್ಕ ನಾವು ಗಂಜ್ ಬಜಾರಿನ್ಯಾಗಿಂದ ಎರಡು ಕಿಲೋ ತೊಗರಿ ಬ್ಯಾಳಿ ತರ್ತೀವಿ. ಎರಡು ಟೀಮ್ ಸಮ ಬಂದ್ರ ವರ್ಷ ಕೇಳ್ರಿ, ಜಪಾನಿನ ಮೊಮೊಫುಕು ಆಂಡೊ ಮೊದಲ ಇನ್‌ಸ್ಟಂಟ್ ನೂಡಲ್ಸ್ ಮಾರಿದ್ದು ಯಾವಾಗ ಅಂತ, 1958ಕ್ಕ ಯಾರು ಹತ್ತಿರ ಬರ್ತಾರೋ ಬ್ಯಾಳಿ ಅವರ ಮನಿಗಿ.